ಮಗ್ಗ ನಿಂತ ಒಂದು ತಾಸು

ಬೆಟಗೇರಿಯ ನಮ್ಮ ಮನೆಯಲ್ಲಿ ಈಗ ಮಗ್ಗಗಳಿಲ್ಲ. ಅವು ಇದ್ದ ಪಡಸಾಲೆಯಲ್ಲಿ ಸಂಜೆಯಾದರೆ ನನ್ನ ಮಗಳ ಮಾತು. ಮುಂಡರಗಿಯ ಶಾಲೆಯಲ್ಲಿ ಪಾಠ ಹೇಳಿ ಬಸ್ಸಿಳಿದು ಬಂದವಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡುತ್ತಾಳೆ. "ಸಾಕ್ ಮಾಡವಾ, ಕಿವಿ ತೂತು ಬಿದ್ದಾವು" ಅನ್ನುತ್ತೇನೆ. ಅನ್ನುವುದಷ್ಟೇ. ಅವಳು ಸುಮ್ಮನಾದರೆ ನನಗೇ ತಡೆಯುವುದಿಲ್ಲ.

ಅವಳು ಹುಟ್ಟಿದ್ದು ನೇಪಾಳದಲ್ಲಿ. ಕಾಗದಪತ್ರಕ್ಕೆ ಅಲೆದೂ ಅಲೆದೂ ಕಡೆಗೆ ನಾನೂ ನನ್ನ ಗಂಡನೂ ದತ್ತು ತಂದಾಗ ಮೂರು ವರ್ಷದ ಕೂಸು. ಅಲ್ಲಿಯ ಅನಾಥಾಲಯದ ಆಯಾ ನಮ್ಮೊಡನೆ ಹಿಂದಿಯಲ್ಲಿ ಮಾತಾಡುತ್ತ, ಇವಳು ಬಹಳ ಮಾತಿನ ಹುಡುಗಿ ಎಂದಿದ್ದಳು. ತಮ್ಮಲ್ಲಿ ತಾಯಿಗೆ 'ಆಮಾ' ಅನ್ನುತ್ತಾರೆಂದೂ ಹೇಳಿಕೊಟ್ಟಿದ್ದಳು. ನಾನೂ ಓಣಿಗೆಲ್ಲ ಬಾಯಿಬಡುಕಿ ಎಂದೇ ಹೆಸರಾದವಳು. ಜೋಡಿ ಚಲೋ ಆಯಿತೆಂದು ಹಿಗ್ಗಿದೆ.

ಮನೆಗೆ ಬಂದವಳು ಬಾಯಿಯನ್ನೇ ತೆರೆಯಲಿಲ್ಲ. ಒಂದು ತಿಂಗಳಾಯಿತು, ಐದಾಯಿತು. ಬಾಲವಾಡಿಗೆ ಕರೆದೊಯ್ದರೆ, "ಮಾತು ಬಂದ ಮ್ಯಾಲೆ ಕರ್ಕೊಂಡು ಬರ್ರಿ" ಎಂದು ಕಳಿಸಿದರು. ಪಕ್ಕದ ಮನೆಯಾಕೆ, "ಮೂಕ ಕೂಸು ಕೊಟ್ಟು ಕಳಿಸ್ಯಾರ ನೋಡ್ರಿ" ಅಂದಳು. ಆಕೆಯೊಡನೆ ನಾನು ಒಂದು ವರ್ಷ ಮಾತು ಬಿಟ್ಟೆ. ಆದರೆ ಒಳಗೊಳಗೇ ನನಗೂ ಅದೇ ಹೆದರಿಕೆ ಇತ್ತು. ಇವಳು ನನ್ನನ್ನು ಒಮ್ಮೆಯೂ ಅವ್ವಾ ಎಂದು ಕರೆಯುವುದಿಲ್ಲವೇನೋ ಎಂದು ದೇವರ ಕೋಣೆಯಲ್ಲಿ ಕೂತು ಅಳುತ್ತಿದ್ದೆ.

ಗದಗಿನ ಕಿವಿ ಡಾಕ್ಟರರು ಕಿವಿ, ಗಂಟಲು ಎಲ್ಲ ನೋಡಿ, "ಏನೂ ದೋಷ ಇಲ್ಲ. ಮನ್ಯಾಗ ಅಕಿ ಕೂಡ ಎಷ್ಟು ಮಾತಾಡ್ತೀರಿ?" ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಬಾಯಿಬಡುಕಿಯನ್ನು ಕೇಳುವ ಮಾತೇ ಅದು? ಮನೆಗೆ ಬಂದು ನನ್ನ ಅತ್ತೆಗೆ ಹೇಳಹೋದೆ. ಎರಡು ಪವರ್‌ಲೂಮ್‌ಗಳ ಸದ್ದಿನಲ್ಲಿ ಅವರು ಕೇಳಿಸುವುದಿಲ್ಲವೆಂದು ಅಂಗೈ ತಿರುವಿದರು. ಆಗ ಹೊಳೆಯಿತು. ನಮ್ಮ ಮನೆಯಲ್ಲಿ ಯಾರು ಮಾತಾಡುತ್ತಿದ್ದರು? ಬೆರಳು ಕೂಡಿಸಿ ಬಾಯಿಗೆ ಒಯ್ದರೆ ಊಟ, ಹೆಬ್ಬೆರಳು ಒಯ್ದರೆ ನೀರು. ಬೆಳಗಿನಿಂದ ರಾತ್ರಿಯವರೆಗೆ ನಮ್ಮದೆಲ್ಲ ಕೈಸನ್ನೆಯ ಸಂಸಾರ. ನನ್ನ ಬಾಯೆಲ್ಲ ಓಣಿಯ ಪಾಲು. ಕೂಸು ಆ ಕೈಸನ್ನೆಯನ್ನೇ ಈ ಊರಿನ ಭಾಷೆ ಎಂದುಕೊಂಡು ವಾರದಲ್ಲಿ ಕಲಿತುಬಿಟ್ಟಿತ್ತು. ನಾವೂ ಶಾಣ್ಯಾ ಕೂಸು ಎಂದು ಹೊಗಳಿದ್ದೆವು.

ಅತ್ತೆಯ ಕಿವಿಗೆ ಬಾಯಿಟ್ಟು ಎಲ್ಲ ಕೂಗಿ ಹೇಳಿದೆ. ಅಮಾವಾಸ್ಯೆ ಬಿಟ್ಟರೆ ಮಗ್ಗ ನಿಲ್ಲಿಸದ ಅವರು ಎದ್ದು ಸ್ವಿಚ್ ಆರಿಸಿದರು. "ಇನ್ನ ದಿನಾ ಮಧ್ಯಾಹ್ನ ಒಂದು ತಾಸು ಬಂದ್. ಮಾತಾಡು ಅಕಿ ಕೂಡ" ಎಂದರು.

ಹೊಂಬಳದಿಂದ ತಂದ ಶೇಂಗಾ ಸುಲಿಯುತ್ತ ನಾನು ದಿನಾ ಒಂದು ತಾಸು ವಟಗುಟ್ಟಿದೆ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಎರಡು ವಾರ ಕಳೆದ ಮೇಲೆ ಒಂದು ದಿನ ನನ್ನ ಮಾತೆಲ್ಲ ಮುಗಿದು, ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಹಿಂದಿನಿಂದ ಸಣ್ಣ ದನಿ ಬಂತು.

"ಆಮಾ."

ತಿರುಗಿ ನೋಡಿದರೆ ಹೆಬ್ಬೆರಳಿಗೆ ತೋರುಬೆರಳು ತಿಕ್ಕುತ್ತಿದ್ದಳು, ಕಡಿದ ನೂಲಿನ ಎಳೆ ಹೊಸೆದು ಕೂಡಿಸುವಂತೆ. ಅದು ದಿನವೆಲ್ಲ ಮಗ್ಗದ ಮುಂದೆ ನಾನು ಮಾಡುತ್ತಿದ್ದ ಕೆಲಸ.

ಅತ್ತೆ ಆ ಬೆರಳು ನೋಡಿ ಹತ್ತಿರ ಬಂದರು. "ಬಂದಾಗಿಂದ ಹಂಗ ಬೆರಳು ತಿಕ್ಕತಾಳಲ್ಲವಾ. ನೇಕಾರಿಕಿ ಕಲ್ಯಾಕ ಹತ್ತ್ಯಾಳ ಅಂತ ನಾವು ನಕ್ವಿ. ಆ ಸನ್ನಿಲೇ ನಿನ್ನ ಕರಿಯಾಕ ಹತ್ತಿದ್ಲು ಅಕಿ."

ಖರೆ. ಹಸಿವಾದಾಗ, ಬಿದ್ದಾಗ, ನಾನು ಹೊರಗೆ ಹೊರಟಾಗ, ಪ್ರತಿಸಲವೂ ಅದೇ ಬೆರಳು. ಐದು ತಿಂಗಳು ಕೂಸು ನನ್ನನ್ನು ಕರೆದೇ ಕರೆದಿತ್ತು. ನಾನು ಒಮ್ಮೆಯೂ ಓಗೊಟ್ಟಿರಲಿಲ್ಲ.

ಆಮಾ ಹೋಗಿ ಅವ್ವ ಬಂತು. ಆಮೇಲೆ ಅವಳ ಕನ್ನಡಕ್ಕೆ ತಡೆಯೇ ಇರಲಿಲ್ಲ. ಮೊನ್ನೆ ಈ ಕಥೆ ಹೇಳಿದರೆ, "ಯಾವ ಬೆರಳವಾ? ನನಗ ನೆನಪಿಲ್ಲ" ಎಂದು ನಕ್ಕಳು. ನಾನು ಹೆಬ್ಬೆರಳಿಗೆ ಬೆರಳು ತಿಕ್ಕಿ ತೋರಿಸಿದೆ. ಅವಳೂ ಹಾಗೇ ತಿಕ್ಕಿದಳು, ನನ್ನ ಮುಖ ನೋಡುತ್ತ.

"ಓ" ಎಂದು ಓಗೊಟ್ಟೆ.