ಅತ್ತೆಯ ತಲೆಯ ಮೇಲಿನ ಆಣೆ

ನಮ್ಮತ್ತೆಗೆ ಮಂಡಿನೋವು. ಚನ್ನರಾಯಪಟ್ಟಣದ ಸಂತೆಯಲ್ಲಿ ಒಬ್ಬ ಪೊಟ್ಟಣ ಕಟ್ಟಿ ಕೊಡುತ್ತಿದ್ದ ಪುಡಿಯನ್ನು ವರ್ಷಗಟ್ಟಲೆ ನುಂಗಿದ್ದರು. ನೋವು ಮಾಯ, ಮುಖ ಮಾತ್ರ ಗುಂಡಗೆ ಊದಿತ್ತು. ಒಮ್ಮೆ ಯಾರೋ ಡಾಕ್ಟರು ಬೈದು ಪೊಟ್ಟಣಗಳನ್ನು ಕಸಕ್ಕೆ ಎಸೆದಿದ್ದರಂತೆ. ಅಂದಿನಿಂದ ಪುಡಿ ನುಂಗುವುದು ಮನೆಯೊಳಗಿನ ಗುಟ್ಟು.

ಹೋದ ಮಳೆಗಾಲ ಜ್ವರ ಎದೆಗಿಳಿಯಿತು. ಶಾಂತಿಗ್ರಾಮದಿಂದ ಹಾಸನದ ಆಸ್ಪತ್ರೆಗೆ ಕಾರಿನಲ್ಲಿ ಕರೆದೊಯ್ಯುವಾಗಲೂ ಆಕೆಗೆ ಅದೇ ಚಿಂತೆ. ನನ್ನ ಕೈ ಎಳೆದು ತಲೆಯ ಮೇಲೆ ಇಟ್ಟುಕೊಂಡರು.

"ನನ್ನಾಣೆ ಕಣೇ, ಪುಡಿ ವಿಸ್ಯ ಡಾಕ್ಟ್ರ ತಾವ ಬಾಯ್ ಬಿಟ್ರೆ ನನ್ ಎಣ ನೋಡ್ತೀಯ."

ತಲೆ ಮುಟ್ಟಿದ ಆಣೆ ಮುರಿದರೆ ಆ ತಲೆಯೇ ಉರುಳುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ.

ಐಸಿಯುನಲ್ಲಿ ಬಿಪಿ ಪಾತಾಳಕ್ಕಿಳಿಯಿತು. ಡ್ರಿಪ್ಪು, ಇಂಜೆಕ್ಷನ್ನು, ಯಾವುದಕ್ಕೂ ಜಗ್ಗಲಿಲ್ಲ. ಡಾಕ್ಟರಮ್ಮ ಹೊರಗೆ ಬಂದು, "ಬೇರೆ ಏನಾದ್ರೂ ಔಷಧಿ ತಗೋತಿದ್ರಾ?" ಎಂದರು.

"ಏನೂ ಇಲ್ಲ ಮೇಡಂ," ಅಂದುಬಿಟ್ಟರು ನನ್ನ ಗಂಡ. ನಾದಿನಿ ನನ್ನ ಸೆರಗು ಜಗ್ಗಿದಳು. "ಸುಮ್ಕಿರು ಅತ್ಗೆ, ಅವ್ವನ್ ತಲೆ ಮ್ಯಾಲೆ ಆಣೆ ಐತೆ."

ನನಗೆ ರೇಗಿಹೋಯಿತು. ಆಣೆಯಂತೆ ಆಣೆ! ಜೀವವೇ ಹೋಗುತ್ತಿರುವಾಗ ಆಣೆ ಕಟ್ಟಿಕೊಂಡು ಏನಾಗಬೇಕು? ಆದರೂ ಆಕೆ ಸತ್ತರೆ ಊರೆಲ್ಲ ನನ್ನತ್ತಲೇ ಬೆರಳು ತೋರಿಸುತ್ತದೆಂದು ಗೊತ್ತಿತ್ತು. "ಮಂಡಿನೋವಿಗೆ ಪುಡಿ ತಿಂತಿದ್ರು ಮೇಡಂ, ದಿನಾ," ಅಂದೆ. ನಾದಿನಿ ಅಳತೊಡಗಿದಳು.

ಡಾಕ್ಟರಮ್ಮ ತಕ್ಷಣ ಸ್ಟೆರಾಯ್ಡ್ ಇಂಜೆಕ್ಷನ್ ಕೊಡಿಸಿ, ಆಮೇಲೆ ವಿವರಿಸಿದರು. ಮೂತ್ರಪಿಂಡಗಳ ಮೇಲೆ ಕೂತ ಪುಟ್ಟ ಗ್ರಂಥಿಗಳು ಕಾಯಿಲೆ ಜೋರಾದಾಗ ಒಂದು ಹಾರ್ಮೋನನ್ನು ಹೆಚ್ಚಾಗಿ ಸುರಿಸಿ ಜೀವ ಹಿಡಿದು ನಿಲ್ಲಿಸುತ್ತವಂತೆ. ಪುಡಿಯಲ್ಲಿ ಅದೇ ಜಾತಿಯ ಸ್ಟೆರಾಯ್ಡ್ ಇದ್ದಿರಬೇಕು. ಹೊರಗಿನಿಂದ ಬರುತ್ತಲೇ ಇದ್ದುದರಿಂದ ಗ್ರಂಥಿಗಳು ಮಲಗಿಬಿಟ್ಟಿದ್ದವು. ಆಸ್ಪತ್ರೆಗೆ ಬಂದ ಮೇಲೆ ಪುಡಿಯೂ ಇಲ್ಲ, ಹಾರ್ಮೋನೂ ಇಲ್ಲ. ನನಗೆ ಥಟ್ಟನೆ ಅರ್ಥವಾಯಿತು: ಪ್ಯಾಕೆಟ್ ಹಾಲು ಬಾಗಿಲಿಗೇ ಬರುತ್ತದೆಂದು ಹಸು ಮಾರಿಕೊಂಡವರ ಮನೆಗೆ ಹಬ್ಬದ ದಿನವೇ ಪ್ಯಾಕೆಟ್ ಬರದಿದ್ದ ಹಾಗೆ.

ಸಂಜೆಯ ಹೊತ್ತಿಗೆ ಬಿಪಿ ಏರತೊಡಗಿತು. ಮಾರನೆಯ ದಿನ ನನ್ನನ್ನು ಒಳಗೆ ಬಿಟ್ಟಾಗ ಅತ್ತೆ ಕಣ್ಣುಬಿಟ್ಟಿದ್ದರು. ನನ್ನ ಮುಖ ನೋಡಿದ್ದೇ ತಡ, "ಬಾಯ್ ಬಿಟ್ಬುಟ್ಟೆ ಅಲ್ವಾ?" ಅಂದರು.

"ಬಿಟ್ಟೆ ಅತ್ತೆ. ಅದಕ್ಕೇ ನನ್ ಜೊತೆ ಮಾತಾಡ್ತಿದ್ದೀರ."

ಅತ್ತೆ ಡ್ರಿಪ್ ಚುಚ್ಚಿದ ಕೈಯಿಂದಲೇ ನನ್ನ ಕೈ ಹಿಡಿದೆಳೆದು ಮತ್ತೆ ತಲೆಯ ಮೇಲೆ ಇಟ್ಟುಕೊಂಡರು.

"ನನ್ನಾಣೆ ಕಣೇ, ಇನ್ಮ್ಯಾಲೆ ನಾನ್ ಏನ್ ಆಣೆ ಇಟ್ರೂವೆ ನೀನ್ ಕೇಳ್ಬ್ಯಾಡ."