ಕ್ಯಾಮೆರಾಗೆ ಕಾಣದ ಗೋಡೆ

ಬೆಂಗಳೂರಿನ ಸಾರಕ್ಕಿಯ ಬಾಡಿಗೆ ಕೋಣೆಯಲ್ಲಿ ಮೊದಲ ಬೆಳಿಗ್ಗೆ ಕಿಟಕಿ ತೆರೆದರೆ ಎದುರಿಗೆ ಪಕ್ಕದ ಮನೆಯ ಹಸಿರು ಗೋಡೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಕತ್ತು ಹೊರಳಿಸಿ ಹುಡುಕಿದರೂ ಸೂರ್ಯ ಸಿಗಲಿಲ್ಲ. ಕಲಬುರಗಿಯಲ್ಲಿ ಬಿಸಿಲಿಗೆ ಹೆದರಿ ಕಿಟಕಿ ಮುಚ್ಚುವವರು ನಾವು. ಇಲ್ಲಿ ಹಗಲಲ್ಲೇ ಟ್ಯೂಬ್‌ಲೈಟ್ ಹಾಕಿಕೊಂಡು ತಲೆ ಬಾಚಿಕೊಂಡೆ.

ನನ್ನ ಕೆಲಸವೇ ಬೆಳಕಿನದು. ಜೆ.ಪಿ. ನಗರದ ಸಣ್ಣ ಸ್ಟುಡಿಯೊ ಒಂದರಲ್ಲಿ, ಕಂಪ್ಯೂಟರಿನೊಳಗೆ ಕಟ್ಟಿದ ಮನೆಗಳಿಗೆ ನಿಜವೆನಿಸುವಂತೆ ಬಿಸಿಲು, ನೆರಳು ಹಾಕಬೇಕು. ಮೊದಲ ದೃಶ್ಯ ಒಪ್ಪಿಗೆಯಾದರೆ ಕೆಲಸ ಖಾಯಂ, ಇಲ್ಲವಾದರೆ ಊರಿನ ಬಸ್ಸು. ಸಿಕ್ಕಿದ್ದು ಜಯನಗರದ ಹಳೇ ಅಡುಗೆಮನೆ, ಮಧ್ಯಾಹ್ನದ ಹೊತ್ತು. ಮಧ್ಯಾಹ್ನ ಎಂದರೆ ನನಗೆ ಗೊತ್ತಿಲ್ಲವೇ! ಕಿಟಕಿಯಿಂದ ಸುಡುಸುಡು ಬಿಸಿಲು ಸುರಿದು, ಚೂರಿಯಿಂದ ಕೊಯ್ದಂಥ ನೆರಳು ಹಾಸಿದೆ.

ತಂಡದ ಮುಖ್ಯಸ್ಥ ಸುಹಾಸ್ ಜಯನಗರದಲ್ಲೇ ಹುಟ್ಟಿ ಬೆಳೆದವರು. ನೋಡಿ ನಕ್ಕೇಬಿಟ್ಟರು.

“ಬಿಸಿಲು ಸಖತ್ತಾಗಿದೆ ಸುಜಾತಾ. ಆದ್ರೆ ಪಕ್ಕದ್ಮನೆ ಎಲ್ಲೋಯ್ತು?”

“ಬಾಜೂ ಮನಿ ಕ್ಯಾಮೆರಾದಾಗ ಕಾಣಂಗಿಲ್ಲಲ್ರೀ ಸರ್.”

“ಕಾಣಲ್ಲ ಸರಿ. ಅದರ ಬೆಳಕು ಬರುತ್ತಲ್ಲ? ಮುಂದಿನ್ ವಾರ ಇನ್ನೊಂದ್ಸಲ ತೋರ್ಸಿ.”

ಆ ಭಾನುವಾರ ಕೋಣೆಯಲ್ಲಿ ಒಬ್ಬಳೇ ಕೂತು ಅತ್ತೆ. ಮನೆ ಒಡತಿ ಶಾರದಾ ಆಂಟಿಗೆ ಕೇಳಿಸಿತೇನೋ, ಉಪ್ಸಾರು ಮುದ್ದೆ ತಿನ್ನಲು ಕೆಳಗೆ ಕರೆದರು. ಉಪ್ಸಾರು ಎಂದರೆ ಕಾಳು, ಸೊಪ್ಪು ಬೆಂದ ನೀರಿನ ತೆಳು ಸಾರು. ಖಾರವನ್ನು ಬೇರೆ ಅರೆದು ಕಲಸಿಕೊಳ್ಳುವುದು. ರೊಟ್ಟಿ ಕಡಿದ ಹಲ್ಲಿಗೆ ಮುದ್ದೆ ನುಂಗುವುದು ಇನ್ನೂ ಬಂದಿರಲಿಲ್ಲ. ಒಲೆಯ ಮೇಲಿನ ಹಾಲಿನ ಪಾತ್ರೆಯ ಕಡೆ ನೋಡುತ್ತಾ ಕೂತೆ. ಅದರ ಸ್ಟೀಲಿನ ಮೈ ಹಸಿರಾಗಿತ್ತು.

“ಪಕ್ಕದವ್ರು ಆ ಬಣ್ಣ ಹೊಡ್ಸಿದಾಗಿಂದ ನಮ್ಮನೆ ಹಾಲೂ ಹಸಿರೇ ಕಣಮ್ಮಾ,” ಎಂದು ಆಂಟಿ ಗೊಣಗಿದರು.

ಮುದ್ದೆ ಆರಿಹೋಯಿತು. ಗೋಡೆಗೆ ಬಿದ್ದ ಬೆಳಕು ಒಳಗೆ ಬಂದು, ಚಾವಣಿಗೆ ತಾಗಿ, ಪಾತ್ರೆಗಳ ತಳಕ್ಕೂ ಇಳಿಯುತ್ತಿತ್ತು. ಯಾವ ನೆರಳಿಗೂ ಅಂಚಿರಲಿಲ್ಲ.

ಮರುದಿನ ನನ್ನ ಕಂಪ್ಯೂಟರಿನ ಅಡುಗೆಮನೆಯ ಕಿಟಕಿಯಾಚೆ, ಕ್ಯಾಮೆರಾಗೆ ಎಂದೂ ಕಾಣದ ಜಾಗದಲ್ಲಿ, ಮಾಸಿದ ಹಳದಿ ಗೋಡೆ ಕಟ್ಟಿದೆ. ಬಿಸಿಲನ್ನೆಲ್ಲ ಅದರ ಮೇಲೆ ಹಾಕಿದೆ. ಸುಹಾಸ್ ಕುರ್ಚಿ ಎಳೆದುಕೊಂಡು ಪರದೆಗೆ ಹತ್ತಿರ ಬಾಗಿ ನೋಡಿದರು.

“ನಮ್ಮಜ್ಜಿ ಇಲ್ಲೇ ಎಲ್ಲೋ ಕಾಫಿ ಸೋಸ್ತಿದಾರೆ ಅನ್ಸುತ್ತೆ,” ಎಂದರು. ಕೆಲಸ ಖಾಯಂ ಆಯಿತು.

ಕುಣಿದಾಡುವಷ್ಟು ಖುಷಿಯಲ್ಲಿ ಚಿತ್ರವನ್ನು ಅಕ್ಕನಿಗೆ ಕಳಿಸಿದೆ. ತಕ್ಷಣ ಫೋನ್ ಬಂತು.

“ಯವ್ವಾ, ಎಷ್ಟು ಕತ್ತಲ ಅದ! ಇದು ಮಧ್ಯಾಹ್ನ ಏನ?”

“ನಮ್ ಕಡಿ ಮಧ್ಯಾಹ್ನ ಹಿಂಗೇ ಇರ್ತದ, ಅಕ್ಕಾ.”

ಅಕ್ಕ ಮೆಲ್ಲಗೆ ಕೇಳಿದಳು: “ಯಾವ ಕಡಿ?”