ಮಗಳು ಬಚ್ಚಲಿನ ಅಗಳಿ ಹಾಕಿಕೊಂಡದ್ದು ಯಾಕೆ?

ಅರವತ್ತೆರಡೋ ಅರವತ್ತಮೂರೋ ಇಸವಿ. ದೀಪಾವಳಿ ಕಳೆದ ಮೇಲೆ ಹೊನ್ನಾವರಕ್ಕೆ ಟೂರಿಂಗ್ ಟಾಕೀಸು ಬಂದಿತ್ತು. ಹಳದೀಪುರದಿಂದ ನಾನೂ ನಮ್ಮವರೂ ಸಂಜೆಯ ಆಟಕ್ಕೆ ಹೋದೆವು.

ಸಿನೆಮಾದಲ್ಲಿ ತಬ್ಬಲಿ ಹುಡುಗಿಯೊಬ್ಬಳು ಚಿಕ್ಕಮ್ಮನ ಮನೆಯಲ್ಲಿರುತ್ತಾಳೆ. ನೆಂಟರು ಬಂದರೆ ಚಿಕ್ಕಮ್ಮ ಅವಳಿಗೆ ಹೊಸ ಲಂಗ ತೊಡಿಸಿ ಮುದ್ದು ಮಾಡುತ್ತಾಳೆ. ಅವರು ಹೋದದ್ದೇ ತಡ, ಕಾದ ಸೌಟು. "ಚಿಕ್ಕಮ್ಮ ಒಳ್ಳೆಯವರು" ಎಂದೇ ಆ ಮಗು ಕೇಳಿದವರಿಗೆಲ್ಲ ತಲೆ ತಗ್ಗಿಸಿ ಹೇಳುತ್ತದೆ. ಸೌಟು ಎತ್ತಿದ ಕೂಡಲೇ ಎದ್ದು ನಿಂತು, "ಏಯ್, ಬಿಡೇ ಮಗೂನ!" ಎಂದು ಕೂಗಿಬಿಟ್ಟೆ. ಡೇರೆಯೆಲ್ಲ ನಕ್ಕಿತು.

"ಕೂತ್ಕೋ ಮಾರಾಯ್ತಿ, ಅದು ಪರದೆ" ಎಂದು ನಮ್ಮವರು ಸೆರಗು ಹಿಡಿದು ಎಳೆದರು.

ಕೂತೆ, ಆದರೆ ಮುಂದಿನ ಕತೆ ಕಣ್ಣಿಗೆ ಹತ್ತಲಿಲ್ಲ. ನನ್ನ ಹತ್ತು ವರ್ಷದ ಮಗಳು ಶಾರದೆ ಆಗ ಕುಮಟೆಯಲ್ಲಿ, ನಮ್ಮವರ ತಂಗಿ ಗಿರಿಜೆಯ ಮನೆಯಲ್ಲಿದ್ದಳು. ಗಿರಿಜೆಗೆ ಮಕ್ಕಳಿಲ್ಲ, ಮನೆ ಬಿಕೋ ಅನ್ನುತ್ತದೆ, ಇಲ್ಲೇ ಶಾಲೆಗೆ ಹೋಗಲಿ ಎಂದು ಕರೆಸಿಕೊಂಡಿದ್ದಳು. ಪ್ರತಿ ಸಲವೂ ನನ್ನ ಕೈಯಲ್ಲೇ ನೀರು ಹಾಕಿಸಿಕೊಳ್ಳುತ್ತಿದ್ದ ಮಗಳು, ಈ ದೀಪಾವಳಿಗೆ ಬಂದಾಗ ಬಚ್ಚಲಿನ ಅಗಳಿ ಹಾಕಿಕೊಂಡು ಒಬ್ಬಳೇ ಮಿಂದಿದ್ದಳು. "ಅತ್ತೆ ಹೇಗೆ?" ಎಂದರೆ ನೆಲ ನೋಡುತ್ತ, "ಒಳ್ಳೇವ್ರು" ಅಂದಿದ್ದಳು.

ಮನೆಗೆ ಬರುತ್ತಾ ನಮ್ಮವರಿಗೆ ಹೇಳಿದೆ. "ಸಿನೆಮಾ ನೋಡಿ ನನ್ನ ತಂಗಿ ಮೇಲೆ ಸಂಶಯವಾ?" ಎಂದು ಸಿಟ್ಟಾದರು.

ಮರುದಿನ ಭಾನುವಾರ. ಒಂದು ಕಟ್ಟು ಹರಿವೆ ಸೊಪ್ಪು ಹಿಡಿದುಕೊಂಡು ನಾನೊಬ್ಬಳೇ ಕುಮಟೆಯ ಬಸ್ಸು ಹತ್ತಿದೆ. ಗಿರಿಜೆಯ ಗಂಡ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಕಚೇರಿಯಲ್ಲಿ ಗುಮಾಸ್ತರು, ಮೆದು ಮಾತಿನವರು. "ಬನ್ನಿ ಅಕ್ಕಾ! ಮಗಾ, ಯಾರು ಬಂದ್ರು ನೋಡು" ಎಂದು ನಕ್ಕರು.

ಗಿರಿಜೆಯ ಮುಖ ಮಾತ್ರ ಬಿಳಿಚಿಕೊಂಡಿತು. ಮಗಳ ಜೊತೆ ಎರಡು ಮಾತಾಡಲೂ ಬಿಡದೆ ನಡುವೆ ನಡುವೆ ಬಂದು ನಿಲ್ಲುತ್ತಿದ್ದಳು. ಸೆಕೆಯಲ್ಲೂ ಮೊಣಕೈ ದಾಟಿದ ತೋಳಿನ ರವಿಕೆ.

"ಎಣ್ಣೆ ಹಚ್ಚಿ ಮೀಸ್ತೇನೆ ಇವ್ಳನ್ನ" ಎಂದೆ.

"ಬೆಳಿಗ್ಗೆನೇ ಮಿಂದಾತು ಅತ್ತಿಗೆ" ಎಂದಳು ಗಿರಿಜೆ, ಗಡಿಬಿಡಿಯಿಂದ.

ನನಗೆ ಅಷ್ಟೇ ಸಾಕಾಯಿತು. ಮಗಳನ್ನು ಎಳೆದುಕೊಂಡು ಹೋಗಿ ಬಚ್ಚಲ ಬಾಗಿಲು ಹಾಕಿದೆ. ಅಂಗಿ ಎತ್ತಿದರೆ ಬೆನ್ನ ಮೇಲೆ ಬೆಲ್ಟಿನ ಬಾಸುಂಡೆ. ಕೆಲವು ಹಳತು, ಕೆಲವು ಹೊಸತು.

ಹೊರಗೆ ಬಂದವಳೇ ಗಿರಿಜೆಯ ತೋಳು ಹಿಡಿದು, "ಎಂತ ಹೆಂಗಸೇ ನೀನು!" ಎಂದು ಅಲುಗಿಸಿದೆ. ಅವಳು ನೋವಿಗೆ ಕುಸಿದೇಬಿಟ್ಟಳು.

"ಅತ್ತೆ ಅಲ್ಲಮ್ಮಾ!" ಎಂದು ಮಗಳು ಅಳುತ್ತ ಅವಳನ್ನು ಅಪ್ಪಿಕೊಂಡಳು. "ಮಾವ ಅತ್ತೆಗೆ ಹೊಡೀತ್ರು. ನಾನು ಅಡ್ಡ ಹೋದೆ. ಹೇಳಿದ್ರೆ ಅತ್ತೇನ ಕೊಂದೇ ಹಾಕ್ತೆ ಅಂದಿದ್ರು."

ಗಿರಿಜೆ ರವಿಕೆಯ ತೋಳು ಮೇಲೆ ಸರಿಸಿದಳು. ಅಲ್ಲೂ ಅದೇ ಬೆಲ್ಟಿನ ಗುರುತು. "ಮಗೂನ ಕಳಿಸಿಬಿಡ್ಬೇಕು ಅಂತಲೇ ಇದ್ದೆ ಅತ್ತಿಗೆ. ಯಾಕೆ ಅಂತ ಅಣ್ಣ ಕೇಳಿದ್ರೆ ಎಂತ ಹೇಳ್ಲಿ?"

ಇಬ್ಬರ ಕೈ ಹಿಡಿದು ಜಗಲಿಗೆ ಬಂದೆ. ಗಿರಿಜೆಯ ಗಂಡ ಎದ್ದು ಬಾಗಿಲಿಗೆ ಅಡ್ಡ ನಿಂತರು. ಈಗ ನಗು ಇರಲಿಲ್ಲ. "ಎಲ್ಲಿಗೆ?"

ನಾನು ಇಬ್ಬರ ಕೈಯನ್ನೂ ಬಿಡಲಿಲ್ಲ. ಅಕ್ಕಪಕ್ಕದವರಿಗೆಲ್ಲ ಕೇಳುವಂತೆ, "ದಾರಿ ಬಿಡಿ! ಇಲ್ಲದಿದ್ರೆ ಇವ್ರ ಮೈಮೇಲಿನ ಬಾಸುಂಡೆ ಇಡೀ ಕೇರಿಗೆ ತೋರಿಸ್ತೆ!" ಎಂದು ಕೂಗಿದೆ. ಎದುರುಮನೆಯ ಕೊಂಕಣಿ ಅಜ್ಜಿ ಅಂಗಳಕ್ಕೆ ಬಂದು ನಿಂತರು. ಅಜ್ಜಿಯನ್ನು ಕಂಡು ಗಿರಿಜೆಯ ಗಂಡ ಪಕ್ಕಕ್ಕೆ ಸರಿದರು.

ಮನೆಗೆ ಬಂದು ನಮ್ಮವರಿಗೆ ಮಗಳ ಬೆನ್ನು ತೋರಿಸಿದೆ. ತಂಗಿಯ ಕೈ ಹಿಡಿದು ಚಿಕ್ಕ ಮಗುವಿನ ಹಾಗೆ ಅತ್ತರು. ಆಮೇಲೊಂದು ದಿನ ಆ ಮನುಷ್ಯ ಹಣ್ಣು ಹಿಡಿದುಕೊಂಡು ಬಂದಾಗ ನಮ್ಮವರು ಬೇಲಿಯ ದಣಪೆ ದಾಟಲು ಬಿಡಲಿಲ್ಲ. ಗಿರಿಜೆ ನಮ್ಮಲ್ಲೇ ಉಳಿದಳು.

ಇಷ್ಟು ವರ್ಷವಾದರೂ ಒಂದು ವಿಷಯ ನನ್ನನ್ನು ಹೆದರಿಸುತ್ತದೆ. ಆ ದಿನ ಆ ಮನೆಯಲ್ಲಿ ಗಿರಿಜೆಯನ್ನು ಸಂಶಯದಿಂದಲೇ ನೋಡಿದ್ದೆ, ಎಂತದೋ ಮುಚ್ಚಿಡುತ್ತಿದ್ದಾಳೆಂದು ನನ್ನ ಮಗಳನ್ನು ಕೂಡ. ಸಂಶಯ ಬಾರದೆ ಇದ್ದದ್ದು ಜಗಲಿಯಲ್ಲಿ ನಗುತ್ತ ಬರಮಾಡಿಕೊಂಡ ಅವರೊಬ್ಬರ ಮೇಲೆ ಮಾತ್ರ.